ಕಾಳಿಂಗನ ಬಾಣಂತನ ಮಾಡುವ ಮಾವ

ನನ್ನ ಸೋದರಮಾವನಿಗೆ ಮನುಷ್ಯಜಾತಿಯ ಮೇಲೆ ಸಿಟ್ಟೇನೂ ಇಲ್ಲ. ಅದು ಬಾಗಿಲು ಮುಚ್ಚುವುದಿಲ್ಲ ಎಂಬುದೊಂದೇ ದೂರು!

ಅವರ ಪ್ರಕಾರ ಲೋಕದಲ್ಲಿ ಇರುವುದು ಎರಡೇ ಪಂಗಡ. ಒಳಗೆ ಬಂದ ಮೇಲೆ ಬಾಗಿಲು ಮುಚ್ಚುವವರು, ಮುಚ್ಚದವರು. ನಾನು ಎರಡನೆಯ ಪಂಗಡಕ್ಕೆ ಸೇರಿದವಳೆಂದು ತೀರ್ಮಾನವಾಗಿ ಇಪ್ಪತ್ತು ವರ್ಷವಾಯಿತು. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದ್ದಾಗಲೀ ಕಾಲೇಜಿನಲ್ಲಿ ಪಾಠ ಹೇಳುವುದಾಗಲೀ ಆ ತೀರ್ಪನ್ನು ಬದಲಿಸಿಲ್ಲ. ಬಿಜೈಯ ನಮ್ಮ ಮನೆಗೆ ಬಂದರೆ ಮಾವ ಮೊದಲು ಮಾಡುವ ಕೆಲಸ, ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದದ ಚೂರು ಸಿಕ್ಕಿಸಿ ಎಳೆದು ನೋಡುವುದು. ಕಾಗದ ಸಲೀಸಾಗಿ ಬಂತೋ, ಮುಖ ಸಿಂಡರಿಸಿಕೊಳ್ಳುತ್ತದೆ.

"ಈ ರಬ್ಬರ್ ಹೋಗಿದೆ. ಮೊದಲು ಇದನ್ನು ಸರಿ ಮಾಡಿಸು ಮಾರಾಯ್ತಿ."

"ಕೂತುಕೊಳ್ಳಿ ಅಂತ ಹೇಳುವ ಮೊದಲೇ ಫ್ರಿಜ್ಜಿಗೆ ಕೈ ಹಾಕಿದ್ರೆ ಹೇಗೆ ಮಾವ? ಚಾ ಮಾಡ್ತೇನೆ."

"ಚಾ ಎಲ್ಲಿಗೆ ಓಡಿ ಹೋಗ್ತದೆ? ತಂಪು ಓಡಿ ಹೋಗ್ತಾ ಉಂಟು!"

ಇದಕ್ಕೆ ಕಾರಣ ಇಲ್ಲದೆ ಇಲ್ಲ. ಮಾವ ಹನ್ನೆರಡು ವರ್ಷ ಗಲ್ಫಿನಲ್ಲಿ ಏಸಿ ಮೆಕ್ಯಾನಿಕ್ ಆಗಿದ್ದವರು. ಅಲ್ಲಿಂದ ಬಂದ ಮೇಲೆ ಬೈಕಂಪಾಡಿಯಲ್ಲಿ ಸಣ್ಣದೊಂದು ವರ್ಕ್‌ಶಾಪ್ ಇಟ್ಟು, ಮೀನು ಇಡುವ ಕೋಲ್ಡ್ ರೂಮುಗಳನ್ನು ರಿಪೇರಿ ಮಾಡುತ್ತಿದ್ದರು. ಬಾಗಿಲು ತೆರೆದಿಟ್ಟರೆ ಒಂದು ಲೋಡು ಬಂಗುಡೆ ಹಾಳಾಗುತ್ತದೆ ಎಂಬುದು ಅವರಿಗೆ ವೇದಾಂತಕ್ಕಿಂತ ದೊಡ್ಡ ಸತ್ಯ. ಹೀಗಿದ್ದ ಮನುಷ್ಯನಿಗೆ ಒಂದು ದಿನ ನಗರದ ಹೊರಗಿನ ಜೈವಿಕ ಉದ್ಯಾನದಿಂದ ಫೋನು ಬಂತು. ಹಾವಿನ ಕೋಣೆಯ ತಾಪಮಾನದ ಯಂತ್ರ ಕೆಟ್ಟಿದೆ, ಬಂದು ನೋಡುತ್ತೀರಾ ಎಂದು. ಒಂದು ಗಂಟೆಯ ಕೆಲಸ ಎಂದು ಹೋದವರು ಇನ್ನೂ ವಾಪಸು ಬಂದಿಲ್ಲ. ವರ್ಕ್‌ಶಾಪನ್ನು ಪಾಲುದಾರನಿಗೆ ಒಪ್ಪಿಸಿ ಅಲ್ಲೇ ಹಾವಿನ ವಿಭಾಗದಲ್ಲಿ ಕೆಲಸಕ್ಕೆ ಸೇರಿಬಿಟ್ಟರು!

"ಅಷ್ಟು ವರ್ಷದ ವ್ಯಾಪಾರ ಬಿಟ್ಟು ಹಾವಿನ ಹತ್ತಿರ ಎಂತಕ್ಕೆ ಹೋದದ್ದು?" ಎಂದು ಅಮ್ಮ ಕೇಳಿದಾಗ ಮಾವ ಕೊಟ್ಟ ಉತ್ತರ ನಮ್ಮ ಕುಟುಂಬದಲ್ಲಿ ಪ್ರಸಿದ್ಧ.

"ಗಾಜಿನ ಆಚೆ ಕಾಳಿಂಗ ಸರ್ಪ ಎದ್ದು ನಿಂತು ನನ್ನ ಮುಖ ನೋಡಿತು ಅಕ್ಕ. ಗಲ್ಫಿನಲ್ಲಿ ಅಷ್ಟು ವರ್ಷ ಒಬ್ಬನೂ ನನ್ನನ್ನು ಹಾಗೆ ನೋಡಿರಲಿಲ್ಲ."

ಈ ಮಾತನ್ನು ಅವರು ನಿಜವಾಗಿಯೂ ಆಡಿದರೋ, ನಾನು ಹೇಳಿ ಹೇಳಿ ಅವರ ಬಾಯಿಗೆ ಹಾಕಿದೆನೋ, ಈಗ ಖಚಿತವಾಗಿ ಹೇಳಲಾರೆ. ನಾನು ಹೈಸ್ಕೂಲಿನಿಂದಲೂ ದಿನಚರಿ ಬರೆಯುವವಳು. ಬರೆಯುತ್ತ ಬಂದ ಹಾಗೆಲ್ಲ ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆಯಾಗುತ್ತ ಬಂದಿದೆ. ನಾವು ಮನೆಯಲ್ಲಿ ಆಡುವುದು ತುಳು. ಇಲ್ಲಿ ಕನ್ನಡಕ್ಕೆ ತರುವಾಗ ಮಾವನ ಬೈಗುಳಗಳು ಸ್ವಲ್ಪ ಮೆತ್ತಗಾಗಿರುವುದಂತೂ ನಿಜ.

ಉದ್ಯಾನದವರು ಮಾಡಲು ಹೊರಟಿದ್ದ ಕೆಲಸ ಹೀಗಿತ್ತು. ಕಾಳಿಂಗ ಸರ್ಪಕ್ಕೆ ದೊಡ್ಡ ಕಾಡು ಬೇಕು, ಅದು ಕಿರಿದಾಗುತ್ತಿದೆ. ತೋಟಕ್ಕೆ ಇಳಿದರೆ ಜನ ದೊಣ್ಣೆ ಹಿಡಿಯುತ್ತಾರೆ. ಹಾಗೆ ಪೆಟ್ಟು ತಿಂದು ಬದುಕಿ ಉಳಿದ ಹಾವುಗಳಿಂದ ಮರಿ ಮಾಡಿಸಿ, ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ಅವುಗಳ ಕಾಡಿಗೇ ಮರಳಿಸಬೇಕು. ಕೇಳಲಿಕ್ಕೆ ಎಷ್ಟು ಸರಳ! ಹಾವಿಗೂ ಇದು ಒಪ್ಪಿಗೆಯಾಗಬೇಕಲ್ಲ?

ಮೊದಲ ತಕರಾರು ಗಂಡಿನದು. ಅಲ್ಲಿದ್ದ ಹೆಣ್ಣು ಕಾಳಿಂಗ ನಮ್ಮದೇ ಘಟ್ಟದ ಬುಡದ ಒಂದು ತೋಟದಲ್ಲಿ ಸಿಕ್ಕಿದ್ದು. ಅದಕ್ಕೆ ದೂರದ ಇನ್ನೊಂದು ರಾಜ್ಯದಿಂದ ಒಂದು ಗಂಡನ್ನು ಕೊಡುತ್ತೇವೆಂದು ಯಾರೋ ಮುಂದೆ ಬಂದರಂತೆ. ಉದ್ದ, ದಪ್ಪ, ಹೊಳೆಯುವ ಮೈ, ಫೋಟೋದಲ್ಲಿ ಸಿನಿಮಾ ನಟನ ಹಾಗಿತ್ತು. ಎಲ್ಲರೂ ಒಪ್ಪಿದರು, ಮಾವ ಒಪ್ಪಲಿಲ್ಲ.

"ಚಂದ ಉಂಟು. ಯಾವ ಕಾಡಿನದ್ದು?"

"ಕಾಡು ಯಾವುದಾದ್ರೆ ಎಂತ, ಕಾಳಿಂಗ ಅಲ್ವಾ?"

"ಹಾಗಾದ್ರೆ ಮರಿ ಯಾವ ಕಾಡಿನದ್ದು ಆಗ್ತದೆ? ಎಲ್ಲಿಗೆ ಬಿಡುವುದು ಅದನ್ನು? ನಿಮ್ಮ ಹಿತ್ತಿಲಿಗಾ?"

ನಮ್ಮ ಘಟ್ಟದ ಕಾಳಿಂಗವೇ ಬೇರೆ, ಬೇರೆ ಸೀಮೆಗಳದೇ ಬೇರೆ ಎಂದು ಈಗ ವಿದ್ವಾಂಸರು ಹೇಳುತ್ತಾರೆ. ಮಾವ ಅದನ್ನು ಓದಿ ಹೇಳಿದವರಲ್ಲ. ಒಂದು ಕಂಪೆನಿಯ ಕಂಪ್ರೆಸರಿಗೆ ಇನ್ನೊಂದರ ಬಿಡಿಭಾಗ ಹಾಕಬಾರದೆಂಬ ವರ್ಕ್‌ಶಾಪಿನ ತತ್ವವನ್ನು ಹಾವಿಗೂ ಹಚ್ಚಿದ್ದರು, ಅಷ್ಟೇ. ಹತ್ತಿರದ ಕಾಡಿನದೇ ಒಂದು ಗಂಡು ಬರುವವರೆಗೆ ಹದಿನಾಲ್ಕು ತಿಂಗಳು ಕಾದರು. ನನ್ನ ಮದುವೆಗೆ ಹುಡುಗನನ್ನು ನೋಡುವಾಗ ಇದೇ ಮಾವ ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಮನೆಯಲ್ಲಿ ಇನ್ವರ್ಟರ್ ಉಂಟಾ?"

ಎರಡನೆಯ ತಕರಾರು ಊಟದ್ದು. ಕಾಳಿಂಗ ಸರ್ಪ ತಿನ್ನುವುದು ಬೇರೆ ಹಾವುಗಳನ್ನು. ಇದು ಗೊತ್ತಾದ ದಿನ ಅಮ್ಮ ಊಟ ಬಿಟ್ಟು ಎದ್ದರು. ನಮ್ಮ ಕುಟುಂಬಕ್ಕೊಂದು ಮೂಲನಾಗನ ಕಟ್ಟೆ ಉಂಟು. ವರ್ಷಕ್ಕೊಮ್ಮೆ ಎಲ್ಲರೂ ಹೋಗಿ ನಾಗನ ಕಲ್ಲಿಗೆ ಹಾಲು, ಸೀಯಾಳದ ನೀರು ಎರೆದು ಅರಸಿನ ಹುಡಿ ಹಚ್ಚುತ್ತೇವೆ. ಇದಕ್ಕೆ ನಾವು ತನು ಹಾಕುವುದು ಎನ್ನುತ್ತೇವೆ.

"ತನು ಹಾಕುವ ಮನೆಯಲ್ಲಿ ಹುಟ್ಟಿ ನೀನು ಹಾವಿಗೆ ಹಾವು ತಿನ್ನಿಸುವುದಾ? ನಾಳೆ ನಾಗ ಕೇಳಿದರೆ ಎಂತ ಹೇಳ್ತಿ?"

"ನಾಗ ನಿನ್ನ ಹತ್ತಿರ ಕೇಳ್ತಾನೆ ಅಕ್ಕ. ನೀನು ಇಷ್ಟು ವರ್ಷ ಹಾಲು ಹಾಕಿದಿ, ಒಂದು ತೊಟ್ಟು ಕುಡಿದಿದ್ದಾನಾ? ನಾನು ಹಾಕಿದ್ದು ಪೂರಾ ಹೊಟ್ಟೆಗೆ ಹೋಗ್ತದೆ!"

ಹೀಗೆ ಹೇಳಿದ ಮನುಷ್ಯ ಆ ವರ್ಷದ ಪಂಚಮಿಯ ದಿನ ನಾಗನ ಕಟ್ಟೆಯೆದುರು ಎಲ್ಲರಿಗಿಂತ ಹೆಚ್ಚು ಹೊತ್ತು ಕೈಮುಗಿದು ನಿಂತಿದ್ದರು. ತುಟಿ ಅಲ್ಲಾಡುತ್ತಿತ್ತು. ಆ ತಿಂಗಳು ಕಾಳಿಂಗದ ಹೊಟ್ಟೆಗೆ ಹೋದ ಕೇರೆಗಳ ಪಟ್ಟಿ ಒಪ್ಪಿಸುತ್ತಿದ್ದಾರೆಂದು ನಾವು ಸೋದರಳಿಯ, ಸೋದರಸೊಸೆಯರೆಲ್ಲ ನಕ್ಕೆವು. ಏನು ಹೇಳುತ್ತಿದ್ದರೋ ನಾನು ಕೇಳಿಸಿಕೊಂಡಿಲ್ಲ. ನಕ್ಕದ್ದು ಮಾತ್ರ ನೆನಪಿದೆ.

ಮೂರನೆಯದು ತರಗೆಲೆ. ಹಾವುಗಳಲ್ಲಿ ಎಲೆ ಒಟ್ಟು ಮಾಡಿ ಗೂಡು ಕಟ್ಟುವುದು ಕಾಳಿಂಗವೊಂದೇ. ಕೈಯಿಲ್ಲ, ಕಾಲಿಲ್ಲ. ಮೈಯನ್ನೇ ಸುರುಳಿ ಮಾಡಿ ತರಗೆಲೆಗಳನ್ನು ಎಳೆದೆಳೆದು ಗುಡ್ಡೆ ಹಾಕಿ, ಒಳಗೆ ಮೊಟ್ಟೆಯಿಟ್ಟು, ಮೇಲೆ ಕಾವಲು ಕೂರುತ್ತದೆ. ಉದ್ಯಾನದಲ್ಲಿ ಎಲೆಗಳಿಗೇನು ಬರಗಾಲವೇ? ಆದರೆ ಅಲ್ಲಿಯ ಎಲೆಗಳಲ್ಲಿ ತೇವ ಹೆಚ್ಚು ಎಂದು ಮಾವನ ಅನುಮಾನ. ಬೇಸಿಗೆ ಬಂದರೆ ಬಿಜೈಯ ಕಂಪೌಂಡುಗಳಲ್ಲಿ ಗೋಣಿಚೀಲ ಹಿಡಿದು ಓಡಾಡುತ್ತಿದ್ದರು. ಬಿದಿರಿನದು ಉತ್ತಮ, ಮಾವಿನದು ಪರವಾಗಿಲ್ಲ, ತೇಗದ್ದು ಬೇಡ. ಒಂದೊಂದು ಹಿಡಿ ಮೂಸಿ ನೋಡಿ ತುಂಬುವುದು ಬೇರೆ. ನಮ್ಮ ಪಕ್ಕದ ಮನೆಯ ಬಾಯಮ್ಮ, "ಗೊಬ್ಬರಕ್ಕಾ?" ಎಂದು ಕೇಳಿದರೆ, "ಅಲ್ಲ, ಬಾಣಂತನಕ್ಕೆ" ಎಂದರಂತೆ. ಆಕೆ ಆ ಸಂಜೆ ನಮ್ಮ ಮನೆಗೆ ಬಂದು ನನ್ನ ಹೊಟ್ಟೆಯನ್ನೇ ನೋಡುತ್ತ ಒಂದು ಗಂಟೆ ಕೂತಿದ್ದರು.

ಅಂಥ ಒಂದು ಗೋಣಿಯೊಂದಿಗೆ ಮಾವ ಹಂಪನಕಟ್ಟೆಯಲ್ಲಿ ಸಿಟಿ ಬಸ್ಸು ಹತ್ತಿದರು. ನಾನೂ ಅದೇ ಬಸ್ಸಿನಲ್ಲಿದ್ದೆ. ಎರಡು ಸೀಟು ಹಿಂದೆ, ಪರಿಚಯವೇ ಇಲ್ಲದವಳ ಹಾಗೆ.

"ಎಂತ ಉಂಟು ಮಾರಾಯ್ರೆ ಗೋಣಿಯಲ್ಲಿ?" ಕಂಡಕ್ಟರ್ ಕೇಳಿದ.

"ತರಗೆಲೆ."

"ಬಸ್ಸಿನಲ್ಲಿ ಕಸ ತಕ್ಕೊಂಡು ಹೋಗ್ಲಿಕ್ಕಿಲ್ಲ."

"ಕಸ ಅಲ್ಲ. ಹೆರಿಗೆಗೆ ಬೇಕಾದ ಹಾಸಿಗೆ."

"ಯಾರ ಹೆರಿಗೆ?"

"ಕಾಳಿಂಗ ಸರ್ಪದ್ದು. ಹಾವು ಇಲ್ಲಿ ಇಲ್ಲ, ಅಲ್ಲಿ ಉಂಟು."

ಕೊನೆಯ ವಾಕ್ಯವನ್ನು ಯಾರೂ ಕೇಳಿಸಿಕೊಳ್ಳಲಿಲ್ಲ! ಮುಂದಿನ ಸ್ಟಾಪಿನಲ್ಲಿ ಮಾವನ ಸುತ್ತಲಿನ ಆರು ಸೀಟುಗಳು ಖಾಲಿಯಾದವು. ಹೀಗೆಂದು ನಾನು ಹೇಳಿಕೊಂಡು ಬಂದಿದ್ದೇನೆ. ಇದನ್ನು ಬರೆಯುವ ಮೊದಲು ದಿನಚರಿ ತೆಗೆದು ನೋಡಿದೆ. "ಮಾವ ಬಸ್ಸಿನಲ್ಲಿ ಸಿಕ್ಕಿದರು. ಬಸ್ಸು ಖಾಲಿ" ಎಂದಿದೆ. ಬಸ್ಸು ಮೊದಲೇ ಖಾಲಿಯಿತ್ತೋ, ಆಮೇಲೆ ಖಾಲಿಯಾಯಿತೋ? ಆಧಾರ ಅಷ್ಟೇ ಇರುವುದು. ಓದುಗರು ತಮಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು.

ಇಷ್ಟೆಲ್ಲ ಮಾಡಿದರೂ ಮೊದಲ ವರ್ಷದ ಮೊಟ್ಟೆಗಳು ಜೊಳ್ಳಾದವು. ಎರಡನೆಯ ವರ್ಷ ಗೂಡಿನಲ್ಲೇ ಬಿಟ್ಟಿದ್ದ ಮೊಟ್ಟೆಗಳು ಬೇಸಿಗೆಯ ಝಳಕ್ಕೆ ಒಣಗಿದವು. ಮೂರನೆಯ ವರ್ಷ ಹೆಣ್ಣು ಮತ್ತೆ ಗೂಡು ಕಟ್ಟಿ ಇಪ್ಪತ್ತನಾಲ್ಕು ಮೊಟ್ಟೆಯಿಟ್ಟಿತು. ಆಗ ಉದ್ಯಾನದ ಅಧಿಕಾರಿಯಾಗಿದ್ದ ಮೇಡಂ ಮಾವನನ್ನು ಕರೆದು ಹೇಳಿದರಂತೆ: "ನೋಡಿ, ಈ ಸಲವೂ ಮರಿ ಆಗದಿದ್ದರೆ ನನಗೆ ಮೇಲಿನವರಿಗೆ ಉತ್ತರ ಕೊಡಲಿಕ್ಕಾಗುವುದಿಲ್ಲ. ಜೋಡಿಯನ್ನು ಬೇರೆ ಕಡೆಗೆ ಕಳುಹಿಸಬೇಕಾಗ್ತದೆ."

ಮಾವ ಆ ಬೇಸಿಗೆಯಲ್ಲಿ ಆರು ಕಿಲೋ ಇಳಿದರು. ಮೊಟ್ಟೆಗಳನ್ನು ಗೂಡಿನಿಂದ ತೆಗೆದು, ಒದ್ದೆ ಮಾಡಿದ ತೆಂಗಿನ ನಾರಿನ ಹುಡಿ ತುಂಬಿದ ಮೂರು ಪೆಟ್ಟಿಗೆಗಳಲ್ಲಿ ಎಂಟೆಂಟರಂತೆ ಇಟ್ಟರು. ಹಾವಿನ ಮೊಟ್ಟೆಯನ್ನು ಕೋಳಿಮೊಟ್ಟೆಯ ಹಾಗೆ ಹೊರಳಿಸಬಾರದು, ಒಳಗಿನ ಜೀವ ಅಂಟಿಕೊಂಡ ಮಗ್ಗುಲು ಬದಲಾದರೆ ಅದು ಉಳಿಯುವುದಿಲ್ಲ. ಅದಕ್ಕೇ ಒಂದೊಂದರ ನೆತ್ತಿಗೂ ಪೆನ್ಸಿಲಿನಲ್ಲಿ ಒಂದು ಗುರುತು. ಕೋಣೆಗೆ ಬೀಗ, ಬೀಗದ ಕೈ ಮಾವನ ಕುತ್ತಿಗೆಯಲ್ಲಿ. ಎಷ್ಟು ತಾಪ, ಎಷ್ಟು ತೇವ, ಯಾರು ಬಂದರು, ಎಷ್ಟು ಹೊತ್ತು ಬಾಗಿಲು ತೆರೆದಿತ್ತು, ಎಲ್ಲವೂ ಒಂದು ದಪ್ಪ ರಿಜಿಸ್ಟರಿನಲ್ಲಿ.

ಅಮ್ಮನಿಗೆ ಆ ಮೊಟ್ಟೆಗಳನ್ನು ನೋಡಬೇಕೆಂದು ಆಸೆ. ಒಂದು ತಿಂಗಳು ಹಟ ಹಿಡಿದರು. "ಒಮ್ಮೆ ನೋಡಿ ಕೈಮುಗಿದು ಬರ್ತೇನೆ ಮಾರಾಯ, ಮತ್ತೆ ಕೇಳುವುದಿಲ್ಲ" ಎಂದರು. ಮಾವ ಮೇಡಂ ಹತ್ತಿರ ಒಪ್ಪಿಗೆ ಕೇಳಿ, ಒಂದು ಬೆಳಿಗ್ಗೆ ಐದು ನಿಮಿಷಕ್ಕೆಂದು ನಮ್ಮನ್ನು ಒಳಗೆ ಬಿಟ್ಟರು.

ಮುಂದಿನ ಕತೆಯನ್ನು ನಾನು ನಮ್ಮ ಕುಟುಂಬದ ಎಲ್ಲ ಮದುವೆ, ಸೀಮಂತ, ಗೃಹಪ್ರವೇಶಗಳಲ್ಲಿ ಹೇಳಿದ್ದೇನೆ. ಹೇಳುವ ರೀತಿ ಹೀಗೆ. ನಾನು ಹೊರಗೆ ಚಪ್ಪಲಿ ಕಾಯುತ್ತ ನಿಂತಿದ್ದೆ. ಪಕ್ಕದ ಕೋಣೆಯ ಯಂತ್ರವೊಂದು ಕುಯ್ಯೆಂದು ಕೂಗಿದ್ದರಿಂದ ಮಾವ ಎರಡು ನಿಮಿಷ ಆಚೆ ಓಡಿದರು. ಅಷ್ಟರಲ್ಲಿ ಅಮ್ಮ ಕೈಚೀಲದಿಂದ ಪುಟ್ಟ ಸ್ಟೀಲ್ ಬಾಟ್ಲಿ ತೆಗೆದು, ಕಾಳಿಂಗನ ಮೊಟ್ಟೆಗಳಿಗೆ ಹಾಲು, ಸೀಯಾಳ ಎರೆದು, ಅರಸಿನ ಹಚ್ಚಿ, ಏನೂ ಆಗದವರ ಹಾಗೆ ಕೈಮುಗಿದು ಹೊರಗೆ ಬಂದರು! "ಹುಟ್ಟುವ ಮೊದಲೇ ಹಾಲು ಕುಡಿಸಿದ ಅಜ್ಜಿ ಲೋಕದಲ್ಲಿ ಇವರೊಬ್ಬರೇ!" ಇಲ್ಲಿಗೆ ಬಂದಾಗ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಅಲ್ಲೇ ಕೂತಿರುವ ಮಾವನೂ ನಗುತ್ತಾರೆ.

ಆ ದಿನದ ನನ್ನ ದಿನಚರಿಯಲ್ಲಿ ಇರುವುದು ಮೂರೇ ಶಬ್ದ. "ಮೊಟ್ಟೆ ನೋಡಿದೆವು. ಸೆಕೆ." ಮಾವ ತರಗೆಲೆ ಮೂಸಿದ್ದಕ್ಕೆ ಒಂದು ಪುಟ ಬರೆದವಳು ನಾನು. ಈ ದಿನಕ್ಕೆ ಮೂರು ಶಬ್ದ ಸಾಕಾಯಿತೇ? ವಿದ್ಯಾರ್ಥಿಗಳಿಗೆ ನಾನೇ ಹೇಳುತ್ತೇನೆ: ದಾಖಲೆ ಎಲ್ಲಿ ತೀರಾ ಚಿಕ್ಕದಾಗಿದೆಯೋ ಅಲ್ಲಿ ನಿಂತು ನೋಡಿ ಎಂದು.

ನಿಂತು ನೋಡುತ್ತೇನೆ. ನಾನು ಹೊರಗೆ ಇರಲಿಲ್ಲ.

ನನಗೆ ಮದುವೆಯಾಗಿ ಆಗ ಆರು ವರ್ಷ. ಮಕ್ಕಳಾಗಿರಲಿಲ್ಲ. ಎರಡು ಸಲ ಆಸೆ ಹುಟ್ಟಿಸಿ ಹೋಗಿಬಿಟ್ಟಿತ್ತು. ಆಸ್ಪತ್ರೆಗಳು ಮುಗಿದ ಮೇಲೆ ಅಮ್ಮ ಜ್ಯೋತಿಷಿಗಳ ಹತ್ತಿರ ಹೋಗಿ ಬಂದರು. ನಾಗನದೇ ಏನೋ ಬಾಕಿ ಉಂಟೆಂದು ಅವರು ಹೇಳಿದ್ದರು. ನಾನು ನಕ್ಕಿದ್ದೆ. ಆಧಾರವಿಲ್ಲದ್ದನ್ನು ಒಪ್ಪಬೇಡಿ ಎಂದು ದಿನವೂ ಐವತ್ತು ಮಂದಿಗೆ ಹೇಳುವವಳು ನಗಬೇಕಲ್ಲ!

ಆ ಬೆಳಿಗ್ಗೆ ಮಾವ ನಮಗೆ ಮೂರನೆಯ ಪೆಟ್ಟಿಗೆಯ ಒಂದು ಮೊಟ್ಟೆಗೆ ಸಣ್ಣ ಟಾರ್ಚ್ ಹಿಡಿದು ತೋರಿಸಿದರು. ಒಳಗೆ ಕೆಂಪು ನಾರಿನಂಥ ಗೆರೆಗಳು. ನಡುವೆ ಏನೋ ಒಂದಿಷ್ಟು ಕಪ್ಪು, ಮಿಸುಕಿತು. ಆಸ್ಪತ್ರೆಯ ಸ್ಕ್ಯಾನಿನಲ್ಲಿ ನನಗೆ ಕಾಣಿಸಬೇಕಿದ್ದು, ಕಾಣಿಸದೇ ಹೋದದ್ದು, ಅದೇ. ಆಚೆ ಯಂತ್ರ ಕೂಗಿತು, ಮಾವ ಹೋದರು. ಅಮ್ಮ ಬಾಟ್ಲಿ ತೆಗೆದು ನನ್ನ ಮುಖ ನೋಡಿದರು.

"ಮುಚ್ಚಳ ಎತ್ತು ಮಗಾ. ನಿನಗೋಸ್ಕರ."

ನಾನು ಎತ್ತಿ ಹಿಡಿದೆ. ಅಮ್ಮ ಒಂದೊಂದನ್ನೂ ಮೆಲ್ಲಗೆ ಹೊರಳಿಸಿ ಅರಸಿನ ಹಚ್ಚಿದರು. ಪೆನ್ಸಿಲಿನ ಗುರುತುಗಳು ಒಂದೊಂದಾಗಿ ಅಡಿಗೆ ಹೋಗುವುದನ್ನು ನಾನು ನೋಡುತ್ತಿದ್ದೆ. ಹೊರಳಿಸಬಾರದೆಂದು ಮಾವ ಎರಡು ನಿಮಿಷದ ಹಿಂದಷ್ಟೇ ಹೇಳಿದ್ದರು. ಅಮ್ಮನಿಗೆ ಸರಿಯಾಗಿ ಕೇಳಿಸಿತ್ತೋ ಇಲ್ಲವೋ ಗೊತ್ತಿಲ್ಲ. ನನಗೆ ಕೇಳಿಸಿತ್ತು.

ಒಂದು ವಾರದಲ್ಲಿ ಆ ಪೆಟ್ಟಿಗೆಯಿಂದ ಹುಳಿ ವಾಸನೆ ಬಂತು. ಎಂಟಕ್ಕೆ ಎಂಟೂ ಬೂಸ್ಟು ಹಿಡಿದು ಕುಸಿದವು. ಮಾವ ನಮ್ಮ ಮನೆಗೆ ಬಂದರು. ಅಮ್ಮ ಬಾಗಿಲಲ್ಲೇ ಎಲ್ಲ ಹೇಳಿ ಅತ್ತುಬಿಟ್ಟರು, ಎಲ್ಲವನ್ನೂ ತಮ್ಮ ಮೇಲೆಯೇ ಹಾಕಿಕೊಂಡರು. ನಾನು ಚಾ ಮಾಡಲು ಒಳಗೆ ಹೋದೆ. ಚಾ ಆಗುವುದಕ್ಕೆ ಆ ದಿನ ಬಹಳ ಹೊತ್ತು ಹಿಡಿಯಿತು.

ತೇವ ಹೆಚ್ಚಾಗಿ ಬೂಸ್ಟು ಬಂತೆಂದು ಬರೆದುಬಿಟ್ಟಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಮೇಡಂ ಕೂಡ ಹಾಗೆಂದೇ ತಿಳಿದಿದ್ದರು. ಅಮ್ಮನೇ ಅತ್ತು ಕೇಳಿದರು, "ಹಾಗೆ ಬರೆದ್ರೆ ಆಗುವುದಿಲ್ಲವಾ ಮಾರಾಯ?"

"ಆಗುವುದಿಲ್ಲ ಅಕ್ಕ. ನಾಳೆ ಇನ್ನೊಬ್ಬ ಈ ಪುಸ್ತಕ ನೋಡಿ ಕೆಲಸ ಮಾಡ್ತಾನೆ. ತೇವ ಹೆಚ್ಚಾಯ್ತು ಅಂತ ಬರೆದ್ರೆ ಅವ ನೀರು ಕಡಿಮೆ ಮಾಡ್ತಾನೆ. ಅವನ ಮೊಟ್ಟೆ ಒಣಗ್ತದೆ. ನನ್ನ ಮರ್ಯಾದೆಗೆ ಅವನ ಮರಿ ಎಂತಕ್ಕೆ ಸಾಯಬೇಕು?"

ಬರೆದರು. ಪರಿಣಾಮವೂ ಆಯಿತು. ಮೇಡಂ ಒಳ್ಳೆಯವರು, ಕೆಲಸದಿಂದ ತೆಗೆಯಲಿಲ್ಲ. ಆದರೆ ಮರಿಯಾಗುವವರೆಗೆ ಆ ಕೋಣೆಗೆ ಹೋಗಕೂಡದೆಂದು ಬೀಗದ ಕೈ ಹಿಂದಕ್ಕೆ ಪಡೆದರು. ಉಳಿದ ಎರಡು ಪೆಟ್ಟಿಗೆಗಳನ್ನು ಬೇರೊಬ್ಬರು ನೋಡಿಕೊಂಡರು. ಮಾವ ಹೊರಗಿನ ಜಗಲಿಯಲ್ಲಿ ಕೂತು, "ಈಗ ತಾಪ ಎಷ್ಟುಂಟು?" ಎಂದು ಹೋಗುವವರನ್ನು ಬರುವವರನ್ನು ಕೇಳುತ್ತಿದ್ದರಂತೆ. ಮಳೆಗಾಲ ಹಿಡಿದ ಮೇಲೆ ಒಂದು ಮಧ್ಯಾಹ್ನ ಮೊದಲ ಮೊಟ್ಟೆ ಬಿರಿಯಿತು. ಹದಿನಾರರಲ್ಲಿ ಹದಿನಾಲ್ಕು ಮರಿ. ಕಪ್ಪು ಮೈ, ಬಿಳಿ ಪಟ್ಟೆ, ಹುಟ್ಟಿದ ಗಳಿಗೆಯಲ್ಲೇ ಹೆಡೆ! ಜೋಡಿ ಅಲ್ಲೇ ಉಳಿಯಿತು, ಕೆಲಸ ಮುಂದುವರಿಯಿತು. ಆದರೆ ಮೂರು ವರ್ಷ ಕಾದ ಮನುಷ್ಯ ಮೊದಲ ಮರಿ ಮೂತಿ ಹೊರಗೆ ಹಾಕಿದ್ದನ್ನು ನೋಡಲಿಲ್ಲ. ಬೇರೆಯವರು ಬಂದು ಹೇಳಿದರು, ಇವರು ಕೇಳಿಸಿಕೊಂಡರು. ಅದೇ ವಾರ ನಮ್ಮ ಬಂಧುಗಳ ಮನೆಯ ಪೂಜೆಗೆ ಕರೆದರೆ, "ಬರ್ಲಿಕ್ಕಿಲ್ಲ, ಅಮೆ ಉಂಟು. ಒಂದೇ ದಿನ ಹದಿನಾಲ್ಕು ಹೆರಿಗೆ" ಎಂದು ಪುರುಡಿನ ನೆಪ ಹೇಳಿದ್ದನ್ನು ನಾನು ಮತ್ತೊಂದು ನಗೆಕತೆ ಮಾಡಿಕೊಂಡೆ. ಜಗಲಿಯ ವಿಷಯವನ್ನು ಯಾವ ಮದುವೆಯಲ್ಲೂ ಹೇಳಲಿಲ್ಲ.

ಇದೆಲ್ಲ ಈಗ ಏಕೆ ನೆನಪಾಯಿತೆಂದರೆ, ಮಾವ ಈ ವರ್ಷ ನಿವೃತ್ತರಾಗುತ್ತಾರೆ. ಹಳೆಯ ರಿಜಿಸ್ಟರುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದರೆ ಬೇರೆ ಕಡೆ ಕಾಳಿಂಗ ಸಾಕುವವರಿಗೆ ಉಪಯೋಗವಾಗುತ್ತದೆಂದು, ಒಪ್ಪಿಗೆ ಪಡೆದು, ನಮ್ಮ ಮನೆಗೆ ತಂದರು. ಭಾನುವಾರಗಳಲ್ಲಿ ಅವರು ಓದುತ್ತಾರೆ, ನಾನು ಟೈಪ್ ಮಾಡುತ್ತೇನೆ. ಮಧ್ಯೆ ಮಧ್ಯೆ ತಗಾದೆ.

"ಇಪ್ಪತ್ತೆಂಟೂವರೆ ಅಂತ ಹೇಳಿದೆ, ನೀನು ಇಪ್ಪತ್ತೆಂಟು ಹಾಕಿದ್ದೀ."

"ಅರ್ಧ ಡಿಗ್ರಿಗೆ ಎಂತ ಆಗ್ತದೆ ಮಾವ?"

"ನಿನಗೆ ಎಂತ ಆಗುವುದಿಲ್ಲ. ನೀನು ಮೊಟ್ಟೆಯಾ?"

ಹೋದ ಭಾನುವಾರ ಆ ಪುಟಕ್ಕೆ ಬಂದೆವು. ಮಾವ ಓದಲಿಲ್ಲ, ರಿಜಿಸ್ಟರನ್ನು ನನ್ನ ಕಡೆಗೆ ತಿರುಗಿಸಿದರು. ಅವರದೇ ಗುಂಡಗಿನ ಅಕ್ಷರ. "ಪೆಟ್ಟಿಗೆ ಮೂರು. ಎಂಟೂ ಹೋಯಿತು. ಹಾಲು, ಸೀಯಾಳ, ಅರಸಿನ ಬಿದ್ದಿದೆ, ಮೊಟ್ಟೆ ಹೊರಳಿದೆ. ಮಾಡಿದವರು: ನನ್ನ ಮನೆಯವರು. ಒಳಗೆ ಬಿಟ್ಟವನು: ನಾನು. ತಾಪ, ತೇವ ಸರಿ ಇತ್ತು. ಅದನ್ನು ಬದಲಿಸಬೇಡಿ."

ನನಗೆ ಟೈಪ್ ಮಾಡಲು ಆಗಲಿಲ್ಲ. ಅಮ್ಮ ಒಳಗೆ ಮಲಗಿದ್ದರು. ಎಷ್ಟೋ ಮದುವೆಗಳಲ್ಲಿ ಅವರನ್ನು ನಿಲ್ಲಿಸಿ ನಗಿಸಿದ್ದು ನೆನಪಾಯಿತು. ಅಷ್ಟು ಸಲವೂ ನನ್ನನ್ನು ಹೊರಗೆ ಚಪ್ಪಲಿ ಕಾಯಲು ನಿಲ್ಲಿಸಿದ್ದು ನಾನೇ.

"ಮಾವ, ಮುಚ್ಚಳ ಎತ್ತಿ ಹಿಡಿದದ್ದು ನಾನು."

"ಗೊತ್ತುಂಟು."

"ಅಮ್ಮ ಹೇಳಿದ್ದಾ?"

"ಅಕ್ಕ ಹೇಳುವುದಾ? ಅವಳು ಸತ್ತರೂ ಹೇಳ್ಲಿಕ್ಕಿಲ್ಲ. ಆ ಮುಚ್ಚಳಕ್ಕೆ ಒಂದು ಕೈ ಬೇಕೇ ಬೇಕು, ಸ್ಪ್ರಿಂಗ್ ನಾನೇ ಹಾಕಿದ್ದು, ಬಿಟ್ಟರೆ ಬಿದ್ದು ಹೋಗ್ತದೆ. ಬಾಟ್ಲಿಗೆ, ಅರಸಿನಕ್ಕೆ ಎರಡು ಕೈ ಬೇಕು. ಅಕ್ಕನಿಗೆ ಇರುವುದು ಒಟ್ಟು ಎರಡೇ."

"ಇಷ್ಟು ವರ್ಷ ಒಂದು ಮಾತು ಕೇಳಲಿಲ್ಲ ನೀವು! ನಾನು ಆ ಕತೆ ಹೇಳುವಾಗ ಎದುರು ಕೂತು ನಗ್ತಿದ್ದಿರಲ್ಲ?"

"ನೀನು ಚಂದ ಹೇಳ್ತಿ. ನಗೆ ಬರ್ತದೆ."

ನಾನು ಅಳುತ್ತಿರುವುದನ್ನು ನೋಡಿ ಮಾವ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ಕಿಟಕಿಯ ಕಡೆ ನೋಡುತ್ತ ಹೇಳಿದರು:

"ಅದು ಹೇಗೂ ಆಗುವಂಥದ್ದು ಅಲ್ಲ ಮಗಾ. ಮೂರನೆಯ ಪೆಟ್ಟಿಗೆಯದ್ದು ಮೊದಲೇ ಜೊಳ್ಳು ಇತ್ತು. ಎಂಟೂ ಜೊಳ್ಳು. ನೀನು ಮುಚ್ಚಳ ಎತ್ತದಿದ್ರೂ ಅಷ್ಟೇ, ಎತ್ತಿದ್ರೂ ಅಷ್ಟೇ."

ಹಿಂದಿನ ಭಾನುವಾರ ನಾನು ಟೈಪ್ ಮಾಡಿದ್ದ ಪುಟ ಎಡಗಡೆಗೇ ತೆರೆದಿತ್ತು. ಅಮ್ಮನೂ ನಾನೂ ಹೋದ ದಿನಕ್ಕಿಂತ ಎರಡು ದಿನ ಮೊದಲಿನದು. "ಪೆಟ್ಟಿಗೆ ಮೂರು. ಟಾರ್ಚ್ ಹಿಡಿದು ನೋಡಿದೆ. ಎಂಟಕ್ಕೆ ಎಂಟೂ ಜೀವ ಉಂಟು" ಎಂದಿತ್ತು.

ಆ ಪುಟದ ಮೇಲೆ ನನ್ನ ಅಂಗೈ ಇಟ್ಟುಕೊಂಡೆ.

"ಹೌದಾ ಮಾವ?" ಎಂದೆ.

"ಹೌದು" ಎಂದರು.